ಹೆಪ್ಪುಗಟ್ಟದ ಹಾಲು

ಊರಿನ ಮನೆಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅಮ್ಮನ ಗೊಣಗಾಟ ಕೇಳಿಸಿತು. ರಾತ್ರಿ ಹೆಪ್ಪು ಹಾಕಿಟ್ಟಿದ್ದ ಹಾಲು ಹಾಲಾಗಿಯೇ ಉಳಿದಿತ್ತು. ಅಮ್ಮ ಪಾತ್ರೆ ವಾಲಿಸಿ ನೋಡಿದಳು, ಮೂಸಿದಳು, ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ಹುಳಿಯಾಗಿಲ್ಲ, ಒಡೆದಿಲ್ಲ, ವಾಸನೆಯೂ ಇಲ್ಲ. ಬೇಸಗೆಯ ದಿನ. ಹೆಪ್ಪು ಹಿಂದಿನ ದಿನದ ಗಟ್ಟಿ ಮೊಸರಿನದೇ. ಐವತ್ತು ವರ್ಷದಿಂದ ಮೊಸರು ಮಾಡುತ್ತಿರುವ ಕೈಗೆ ಇದು ಸಣ್ಣ ಅವಮಾನವಾಗಿರಲಿಲ್ಲ. ಪಕ್ಕದ ಬೀದಿಯಿಂದ ಹಾಲು ತರುವಾಕೆ ಬಂದ ಕೂಡಲೇ ಕೇಳಿಯೇಬಿಟ್ಟಳು: "ಏನಮ್ಮಾ, ನಿನ್ನೆ ಹಾಲು ಹೆಪ್ಪೇ ಆಗ್ಲಿಲ್ವಲ್ಲ?"

ಆಕೆ ಕ್ಯಾನಿನ ಮುಚ್ಚಳ ಹಿಡಿದು ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಸೀಗೆ ಕೆಚ್ಚಲು ಬಾವು ಬಂದಿತ್ತು ಅಕ್ಕಾ. ಡಾಕ್ಟ್ರು ಮದ್ದು ಹಾಕಿ, ಮೂರು ದಿನ ಹಾಲು ಯಾರಿಗೂ ಕೊಡ್ಬೇಡ ಅಂದಿದ್ರು. ಒಂದು ದಿನ ಚೆಲ್ದೆ. ಎರಡನೇ ದಿನಕ್ಕೆ ಮನಸ್ಸು ತಡೀಲಿಲ್ಲ," ಎಂದಳು.

ಅಮ್ಮ ಬೈಯಲಿಲ್ಲ. ಹಾಲನ್ನು ಬಚ್ಚಲಿಗೆ ಚೆಲ್ಲಿ ಬಂದು ಸುಮ್ಮನೆ ಕೂತಳು. ನನಗೆ ಮಾತ್ರ ಆ ಪಾತ್ರೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಸುವಿನ ಕೆಚ್ಚಲಿಗೆಂದು ಕೊಟ್ಟ ಆ್ಯಂಟಿಬಯಾಟಿಕ್ ಹಾಲಿಗಿಳಿದು, ಕಾಯಿಸಿದರೂ ಪೂರ್ತಿ ಹೋಗದೆ, ನಮ್ಮ ಅಡುಗೆಮನೆಗೆ ಬಂದು, ಯಾರಿಗೂ ಕೇಡು ಬಗೆಯದ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು. ರೋಗ ಒಂದು ಕೊಟ್ಟಿಗೆಯಲ್ಲಿ, ಮದ್ದು ಅದೇ ಕೊಟ್ಟಿಗೆಯಲ್ಲಿ, ಅದರ ಫಲ ಮಾತ್ರ ಬೀದಿ ದಾಟಿ ನಮ್ಮ ಮನೆಯಲ್ಲಿ. ಅಂದು ಅದು ಹಾಲಿನಲ್ಲಿ ಕಂಡಿತು. ಸಾಮಾನ್ಯವಾಗಿ ಅದು ಕಾಣುವುದಿಲ್ಲ. ಕಾಣದ್ದರಿಂದಲೇ ನಾವು ನಿಶ್ಚಿಂತೆಯಿಂದಿದ್ದೇವೆ.

ತಲೆನೋವಿನ ಮಾತ್ರೆ ನುಂಗಿದರೆ ನನ್ನ ತಲೆನೋವು ಹೋಗುತ್ತದೆ, ಅಥವಾ ಹೋಗುವುದಿಲ್ಲ. ಬಿಪಿ ಮಾತ್ರೆಯೂ ಅಷ್ಟೇ, ಸಕ್ಕರೆ ಕಾಯಿಲೆಯ ಮಾತ್ರೆಯೂ ಅಷ್ಟೇ. ನಾನು ನುಂಗಿದ್ದರಿಂದ ನಿಮ್ಮ ಮಾತ್ರೆಯ ಶಕ್ತಿ ಕುಂದುವುದಿಲ್ಲ. ಆ್ಯಂಟಿಬಯಾಟಿಕ್ ಹಾಗಲ್ಲ. ಇವತ್ತು ನಾನು ನುಂಗಿದ ಒಂದೊಂದು ಗುಳಿಗೆಯೂ ನಾಳೆ ನೀವು ನುಂಗಲಿರುವ ಗುಳಿಗೆಯ ಶಕ್ತಿಯಲ್ಲಿ ಕೂದಲೆಳೆಯಷ್ಟನ್ನು ಸವೆಸುತ್ತದೆ. ರೋಗಾಣುಗಳ ವಿರುದ್ಧದ ಮದ್ದುಗಳನ್ನು ಬಿಟ್ಟರೆ ವೈದ್ಯಶಾಸ್ತ್ರದ ಕಪಾಟಿನಲ್ಲಿ ಇಂಥ ಗುಣವಿರುವ ಮದ್ದು ಬೇರೊಂದಿಲ್ಲವೆಂದೇ ಹೇಳಬೇಕು. ದುಡ್ಡು ಕೊಟ್ಟು ಕೊಂಡ ಮಾತ್ರೆ ನನ್ನದು, ಅದರೊಳಗಿನ ಶಕ್ತಿ ಎಲ್ಲರದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. "ಆ ಮಾತ್ರೆ ನಂಗೆ ನಾಟೋದೇ ಇಲ್ಲ, ಬಾಡಿಗೆ ಒಗ್ಗಿಹೋಗಿದೆ" ಎನ್ನುತ್ತಾರೆ. ಒಗ್ಗುವುದು ನಮ್ಮ ದೇಹವಲ್ಲ, ಒಳಗಿರುವ ರೋಗಾಣು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಬ್ಯಾಕ್ಟೀರಿಯಾಗಳ ದೊಡ್ಡ ಹಿಂಡಿನಲ್ಲಿ ಮದ್ದಿಗೆ ಬಗ್ಗದ ಒಂದೆರಡು ಇದ್ದೇ ಇರುತ್ತವೆ. ಒಂದರ ಬಳಿ ಮದ್ದನ್ನು ಕತ್ತರಿಸುವ ಕಿಣ್ವವಿರುತ್ತದೆ, ಇನ್ನೊಂದು ಒಳಬಂದ ಮದ್ದನ್ನು ಪಂಪಿನಂತೆ ಹೊರಗೆ ತಳ್ಳುತ್ತದೆ, ಮತ್ತೊಂದು ಮದ್ದು ಕೂರುವ ಜಾಗದ ಆಕಾರವನ್ನೇ ಬದಲಿಸಿಕೊಂಡಿರುತ್ತದೆ. ಮದ್ದು ಬಿದ್ದಾಗ ಉಳಿದವೆಲ್ಲ ಸಾಯುತ್ತವೆ, ಇವು ಉಳಿಯುತ್ತವೆ. ಹೊಲದಲ್ಲಿ ಬೆಳೆ ಕಿತ್ತು ಕಳೆ ಬಿಟ್ಟಂತೆ, ಖಾಲಿಯಾದ ಜಾಗವೆಲ್ಲ ಆಮೇಲೆ ಅವುಗಳದೇ.

ಅಷ್ಟೇ ಆಗಿದ್ದರೆ ಇಷ್ಟು ಭಯಪಡಬೇಕಿರಲಿಲ್ಲ. 1950ರ ದಶಕದಲ್ಲಿ ಜಪಾನಿನ ವೈದ್ಯರು ಒಂದು ವಿಚಿತ್ರ ಕಂಡರು. ಆಮಶಂಕೆ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದೇ ಏಟಿಗೆ ಹಲವು ಮದ್ದುಗಳಿಗೆ ಬಗ್ಗದಂತಾಗಿತ್ತು. ಹುಡುಕಿದಾಗ ತಿಳಿದದ್ದು: ಕರುಳಿನಲ್ಲಿ ಜೊತೆಗಿದ್ದ ಇ-ಕೋಲಿ ಎಂಬ ಬೇರೆಯೇ ಜಾತಿಯ ಬ್ಯಾಕ್ಟೀರಿಯಾ ತನ್ನಲ್ಲಿದ್ದ ಗುಟ್ಟನ್ನು ಅದಕ್ಕೆ ದಾಟಿಸಿತ್ತು. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದಲ್ಲಿ ಆ ಗುಟ್ಟು ಅಡಗಿರುತ್ತದೆ. ನಮ್ಮಲ್ಲಿ ಆಸ್ತಿ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಅಕ್ಕಪಕ್ಕದವರಿಗೂ, ಕುಲಗೋತ್ರ ಬೇರೆಯಾದವರಿಗೂ ಕೈ ದಾಟುತ್ತದೆ. ಅಡುಗೆಮನೆಯಲ್ಲಿ ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ತನ್ನಂತೆ ಮಾಡಿಕೊಳ್ಳುವ ಹಾಗೆಯೇ ಇದೂ ಹರಡುತ್ತದೆ. ಮಡಿಮೈಲಿಗೆಯ ಲೆಕ್ಕದಲ್ಲಿ ಬದುಕುವ ನಾವು ಇಂಥ ಬಿಚ್ಚುಗೈ ನೆಂಟಸ್ತಿಕೆಯನ್ನು ಊಹಿಸಿಕೊಳ್ಳಲೂ ಆರೆವು.

ನಾವು ಇದನ್ನೆಲ್ಲ ಯುದ್ಧದ ಮಾತಿನಲ್ಲಿ ಹೇಳಿಕೊಂಡು ಬಂದಿದ್ದೇವೆ. ರೋಗಾಣು ಶತ್ರು, ಮದ್ದು ಅಸ್ತ್ರ, ವೈದ್ಯ ಸೇನಾನಿ. ಆದರೆ ಆ ಅಸ್ತ್ರ ಎಲ್ಲಿಂದ ಬಂತು? ಮುಂಗಾರಿನ ಮೊದಲ ಹನಿ ಕಾದ ನೆಲದ ಮೇಲೆ ಬಿದ್ದಾಗ ಏಳುವ ಮಣ್ಣಿನ ವಾಸನೆ ಗೊತ್ತಲ್ಲ. ಆ ವಾಸನೆಯನ್ನು ಹುಟ್ಟಿಸುವವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕುಲ. ಅದೇ ಕುಲದ ಒಂದರಿಂದ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ಯುವಕ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಸ್ಟ್ರೆಪ್ಟೊಮೈಸಿನ್ ತೆಗೆದ. ಕ್ಷಯಕ್ಕೆ ನಾಟಿದ ಮೊದಲ ಆ್ಯಂಟಿಬಯಾಟಿಕ್ ಅದು. ಪೆನಿಸಿಲಿನ್ ಬಂದದ್ದು ಬೂಷ್ಟಿನಿಂದ. ನಾವು ಕಂಡುಹಿಡಿದೆವು ಎನ್ನುವ ಮದ್ದುಗಳಲ್ಲಿ ಬಹುಪಾಲು ಸೂಕ್ಷ್ಮಜೀವಿಗಳಿಂದಲೇ ಎರವಲು ತಂದವು.

ಮದ್ದು ಅಷ್ಟು ಹಳೆಯದಾದರೆ ಅದನ್ನು ತಾಳಿಕೊಳ್ಳುವ ಗುಣವೂ ಹಳೆಯದೇ ಇರಬೇಕಲ್ಲ? ಹೌದು. ಕೆನಡಾದ ಯೂಕಾನ್ ಪ್ರಾಂತದಲ್ಲಿ ಮೂವತ್ತು ಸಾವಿರ ವರ್ಷಗಳಿಂದ ಹೆಪ್ಪುಗಟ್ಟಿ ಕೂತ ನೆಲವನ್ನು ಕೊರೆದು ನೋಡಿದ ವಿಜ್ಞಾನಿಗಳು ಅದರಲ್ಲಿ ಪೆನಿಸಿಲಿನ್ ಬಗೆಯ ಮದ್ದುಗಳನ್ನೂ ಟೆಟ್ರಾಸೈಕ್ಲಿನ್ನನ್ನೂ ತಾಳಿಕೊಳ್ಳುವ ಜೀನುಗಳಿದ್ದವೆಂದು 2011ರಲ್ಲಿ ವರದಿ ಮಾಡಿದರು. ಮ್ಯಾಮತ್‌ಗಳು ಓಡಾಡುತ್ತಿದ್ದ ಕಾಲದ ಮಣ್ಣು ಅದು. ಆಗ ಮೆಡಿಕಲ್ ಶಾಪ್ ಇರಲಿಲ್ಲ, ಅರ್ಧ ಕೋರ್ಸಿಗೆ ಬಿಟ್ಟವರೂ ಇರಲಿಲ್ಲ. ಕೀಲಿಯೂ ಬೀಗವೂ ನಮಗಿಂತ ಎಷ್ಟೋ ಮುಂಚೆ ಇದ್ದವು. ಮಣ್ಣಿನಲ್ಲಿ ಲವಲೇಶವಷ್ಟೇ ಇರುತ್ತಿದ್ದ ಆ ಮದ್ದಿನ ರಸವನ್ನು ನಾವು ಟನ್‌ಗಟ್ಟಲೆ ತಯಾರಿಸಿ ಆಸ್ಪತ್ರೆಗೆ, ಕೋಳಿ ಫಾರಂಗೆ, ಮೀನಿನ ಹೊಂಡಕ್ಕೆ, ನದಿಗೆ ಸುರಿದೆವು. ಪ್ರಪಂಚದಲ್ಲಿ ಎಲ್ಲೋ ಒಂದು ಮೂಲೆಯಲ್ಲಿದ್ದ ತಾಳಿಕೆಯ ಗುಣ ಈಗ ಎಲ್ಲ ಕಡೆಯೂ ಲಾಭದ ಗುಣವಾಯಿತು. ನಮ್ಮ ಪಾಲಿನ ತಪ್ಪು ಇಷ್ಟೇ, ಆದರೆ ಇದು ಸಣ್ಣ ತಪ್ಪಲ್ಲ.

ಪೆನಿಸಿಲಿನ್ ಹೊಸದಾಗಿ ಬಂದಾಗ ಅದಕ್ಕಿದ್ದ ಬೆಲೆಯನ್ನು ಒಮ್ಮೆ ನೆನೆಯಬೇಕು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಕಾನ್‌ಸ್ಟೆಬಲ್ ಮುಖದ ತುಂಬ ಕೀವು ತುಂಬಿಕೊಂಡು ಸಾಯುವ ಸ್ಥಿತಿಯಲ್ಲಿದ್ದ. ಒಂದು ಕಣ್ಣು ಆಗಲೇ ಹೋಗಿತ್ತು. ಹೊವರ್ಡ್ ಫ್ಲೋರಿ ಅವರ ತಂಡ ಅವನಿಗೆ ಪೆನಿಸಿಲಿನ್ ಕೊಡಲು ಶುರುಮಾಡಿತು. ಒಂದೆರಡು ದಿನದಲ್ಲೇ ಜ್ವರ ಇಳಿಯಿತು, ಹಸಿವಾಯಿತು. ಆದರೆ ಇಡೀ ಪ್ರಯೋಗಾಲಯದಲ್ಲಿದ್ದ ಮದ್ದೇ ಅಷ್ಟು. ಅವನ ಮೂತ್ರವನ್ನು ಸಂಗ್ರಹಿಸಿ, ಸೈಕಲ್ ಮೇಲೆ ಪ್ರಯೋಗಾಲಯಕ್ಕೆ ಒಯ್ದು, ಅದರಲ್ಲಿ ಹೊರಬಂದಿದ್ದ ಪೆನಿಸಿಲಿನ್ನನ್ನು ಸೋಸಿ ತೆಗೆದು ಮತ್ತೆ ಅವನಿಗೇ ಚುಚ್ಚಿದರು. ಐದು ದಿನಕ್ಕೆ ಅದೂ ತೀರಿತು. ರೋಗ ಮರಳಿತು, ಮಾರ್ಚ್ 15ರಂದು ಆತ ತೀರಿಕೊಂಡ.

ಆ ಕಥೆ ಓದಿದ ದಿನ ನಮ್ಮ ಮನೆಯ ಔಷಧದ ಡಬ್ಬ ತೆಗೆದು ನೋಡಿದೆ. ಹಳೇ ಬಿಸ್ಕತ್ತಿನ ಡಬ್ಬ ಅದು. ಅಮೃತಾಂಜನ, ಬ್ಯಾಂಡೇಜು, ಒಆರ್‌ಎಸ್ ಪೊಟ್ಟಣ, ಅವುಗಳ ಅಡಿಯಲ್ಲಿ ಬೇರೆ ಬೇರೆ ಕಾಲದ ಅರ್ಧಂಬರ್ಧ ಸ್ಟ್ರಿಪ್ಪುಗಳು. ಒಂದರಲ್ಲಿ ಅಜಿತ್ರೊಮೈಸಿನ್ ಒಂದು ಉಳಿದಿತ್ತು, ಇನ್ನೊಂದರಲ್ಲಿ ಅಮಾಕ್ಸಿಸಿಲಿನ್ ನಾಲ್ಕು. ಒಂದರ ಹಿಂದೆ ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಬಳಸಬಾರದು ಎಂದು ಆ ಗೆರೆಯ ಅರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದಕ್ಕೆಂದೇ ಪ್ರಚಾರ ನಡೆಸಿತ್ತು. ಅಷ್ಟು ವರ್ಷ ಆ ಗೆರೆಯನ್ನು ನಾನು ಕಂಪನಿಯ ಅಲಂಕಾರ ಎಂದುಕೊಂಡಿದ್ದೆ. ಗಂಟಲು ಕೆರೆದರೆ ಡಬ್ಬದಿಂದ ಒಂದು ಮಾತ್ರೆ, ಸಂಜೆಗೆ ಇನ್ನೊಂದು, ಮಾರನೇ ದಿನ ಹಗುರವೆನಿಸಿದರೆ ಮಿಕ್ಕದ್ದು ಮತ್ತೆ ಡಬ್ಬಕ್ಕೆ. ಒಬ್ಬ ಮನುಷ್ಯನನ್ನು ಉಳಿಸಲು ಮೂತ್ರದಿಂದ ಸೋಸಿ ತೆಗೆದ ವಸ್ತು ನಮ್ಮ ಮನೆಯಲ್ಲಿ ನೆಗಡಿಗೆ ಬಳಕೆಯಾಗುತ್ತಿತ್ತು. ನೆಗಡಿಯೋ ವೈರಸ್ಸಿನದು, ಅದಕ್ಕೆ ಆ್ಯಂಟಿಬಯಾಟಿಕ್ ತಾಗುವುದೇ ಇಲ್ಲ. ಔಷಧ ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಎಂದು ಹಿರಿಯರು ನಗುತ್ತಿದ್ದದ್ದು ಎಷ್ಟು ನಿಜ!

ಪೆನಿಸಿಲಿನ್ ಕಂಡ ಅಲೆಗ್ಸಾಂಡರ್ ಫ್ಲೆಮಿಂಗ್‌ಗೆ ಇದೆಲ್ಲ ಮೊದಲೇ ಹೊಳೆದಿತ್ತು. 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುವಾಗ ಆತ ಹಿಗ್ಗಿ ಮಾತು ಮುಗಿಸಲಿಲ್ಲ, ಒಂದು ಪುಟ್ಟ ಕಥೆ ಹೇಳಿದ. ಎಕ್ಸ್ ಎಂಬ ಗೃಹಸ್ಥನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತೆಗೆದುಕೊಳ್ಳುತ್ತಾನೆ, ಆದರೆ ಸಾಲದಷ್ಟು. ರೋಗಾಣು ಸಾಯುವುದಿಲ್ಲ, ಮದ್ದನ್ನು ಎದುರಿಸುವ ಪಾಠ ಕಲಿಯುತ್ತದೆ. ಅದು ಹೆಂಡತಿಗೆ ಅಂಟಿ ಆಕೆಗೆ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ಕೊಟ್ಟರೂ ಕೆಲಸ ಮಾಡುವುದಿಲ್ಲ. ಆಕೆ ಸಾಯುತ್ತಾಳೆ. ಆ ಸಾವಿಗೆ ಮೊದಲ ಹೊಣೆ ಯಾರದು ಎಂದು ಫ್ಲೆಮಿಂಗ್ ಕೇಳಿದ. ಗಂಡನದೇ ಎಂದು ತಾನೇ ಉತ್ತರ ಕೊಟ್ಟ.

ನಾವು "ಮಾಡಿದ್ದುಣ್ಣೋ ಮಹರಾಯ" ಎನ್ನುವ ನಾಡಿನವರು. ಮಾಡಿದವನೇ ಉಣ್ಣುತ್ತಾನೆ ಎಂಬ ನಂಬಿಕೆಯಲ್ಲಿ ಒಂದು ಸಮಾಧಾನವಿದೆ, ಒಂದು ಎಚ್ಚರಿಕೆಯೂ ಇದೆ. ಫ್ಲೆಮಿಂಗ್ ಹೇಳಿದ ಕಥೆ ಆ ಗಾದೆಯ ಕತ್ತು ಹಿಚುಕುತ್ತದೆ. ಮಾಡಿದವನು ಎಕ್ಸ್, ಉಂಡವಳು ಹೆಂಡತಿ. ಕಥೆಯಲ್ಲಿ ಅವಳು ಅದೇ ಮನೆಯಲ್ಲಿದ್ದಳು, ಆದ್ದರಿಂದ ಕಾರ್ಯಕಾರಣದ ದಾರ ಕಣ್ಣಿಗೆ ಕಾಣುತ್ತದೆ. ನಿಜ ಬದುಕಿನಲ್ಲಿ ಆಕೆ ಬೇರೆ ಊರಿನಲ್ಲಿರಬಹುದು, ಬೇರೆ ಖಂಡದಲ್ಲಿರಬಹುದು, ಇನ್ನೂ ಹುಟ್ಟಿಯೇ ಇಲ್ಲದಿರಬಹುದು. ಕರ್ಮಕ್ಕೆ ಫಲ ತಪ್ಪುವುದಿಲ್ಲ ಎಂಬುದು ಇಲ್ಲಿಯೂ ಸತ್ಯವೇ. ಆದರೆ ಫಲ ಬಂದು ಬಡಿಯುವ ವಿಳಾಸ ಬೇರೆ.

ಆ ವಿಳಾಸ ಹುಡುಕಿಕೊಂಡು ಹೋದರೆ ತೊಟ್ಟಿಲ ಬಳಿ ನಿಲ್ಲುತ್ತೇವೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಹುಟ್ಟಿದ 88,000ಕ್ಕೂ ಹೆಚ್ಚು ಶಿಶುಗಳ ಲೆಕ್ಕವಿಟ್ಟ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸತ್ತ ಎಳೆಗೂಸುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗದ ಸಾವಿಗೆ ರಕ್ತಕ್ಕಿಳಿದ ಸೋಂಕು ಕಾರಣವಾಗಿತ್ತು. ಸೋಂಕು ತಗುಲಿದ ಶಿಶುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣುವಿನ ಮಾದರಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಲವು ಬಗೆಯ ಮದ್ದುಗಳಿಗೆ ಬಗ್ಗದವು. ಆ ಕೂಸುಗಳು ಒಂದು ಮಾತ್ರೆಯನ್ನೂ ವ್ಯರ್ಥ ಮಾಡಿದವಲ್ಲ. ಕೋಳಿ ಸಾಕಿದವಲ್ಲ, ನದಿಗೆ ವಿಷ ಬಿಟ್ಟವಲ್ಲ. ಪೂರ್ವಜನ್ಮದ ಕರ್ಮ ಎಂದು ಹೇಳಿ ಕೈತೊಳೆದುಕೊಳ್ಳುವ ಹಳೆಯ ಉಪಾಯ ಇಲ್ಲಿ ನಡೆಯದು. ಇದು ಕರ್ಮವೇ, ಆದರೆ ನಮ್ಮದು, ಈ ಜನ್ಮದ್ದು.

ಲೆಕ್ಕ ಇನ್ನೂ ದೊಡ್ಡದಿದೆ. 2019ರಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಂದಾಜು. ಭಾರತದ ಪಾಲು ಸುಮಾರು 3 ಲಕ್ಷ. 2025ರಿಂದ 2050ರವರೆಗೆ 3.9 ಕೋಟಿ ಸಾವು ಎಂಬುದು ಅದೇ ಸಂಶೋಧಕರ ಮುನ್ನಂದಾಜು. ಆದರೂ ಈ ಸಾವು ಸುದ್ದಿಯಾಗುವುದಿಲ್ಲ. ಮರಣಪತ್ರದಲ್ಲಿ ನ್ಯುಮೋನಿಯಾ ಎಂದಿರುತ್ತದೆ, ಕಿಡ್ನಿ ವೈಫಲ್ಯ ಎಂದಿರುತ್ತದೆ, ಆಪರೇಷನ್ ನಂತರದ ಸೋಂಕು ಎಂದಿರುತ್ತದೆ. ಸಿಸೇರಿಯನ್, ಮಂಡಿಚಿಪ್ಪು ಬದಲಾವಣೆ, ಕ್ಯಾನ್ಸರಿನ ಕಿಮೋ ಎಲ್ಲವೂ ಆ್ಯಂಟಿಬಯಾಟಿಕ್ ಎಂಬ ಅಡಿಪಾಯದ ಮೇಲೆ ನಿಂತ ಮಹಡಿಗಳು. ಮಹಡಿಯನ್ನು ಮೆಚ್ಚುತ್ತೇವೆ, ಅಡಿಪಾಯಕ್ಕೆ ಗೆದ್ದಲು ಹಿಡಿದದ್ದನ್ನು ಗಮನಿಸುವುದಿಲ್ಲ.

ಹಾಗಾದರೆ ಈ ಎಕ್ಸ್ ಯಾರು? ಫ್ಲೆಮಿಂಗ್‌ನ ತೀರ್ಪಿನಲ್ಲಿ ನನಗೊಂದು ತಕರಾರಿದೆ. ದಿನಗೂಲಿಯ ಒಬ್ಬ ಗಾರೆ ಕೆಲಸದವನನ್ನು ನೆನೆಯಿರಿ. ಜ್ವರ ಬಂದಿದೆ. ಡಾಕ್ಟರ ಫೀಸು, ಪರೀಕ್ಷೆಯ ಖರ್ಚು, ಕಳೆದುಹೋಗುವ ಕೂಲಿ ಎಲ್ಲ ಕೂಡಿದರೆ ವಾರದ ಅಕ್ಕಿಬೇಳೆ. ಮೆಡಿಕಲ್ ಶಾಪಿನ ಕಟ್ಟೆಗೆ ಒರಗಿ, "ಪವರ್ ಇರೋದು ಎರಡು ಕೊಡಿ ಸಾರ್" ಎನ್ನುತ್ತಾನೆ. ಅಂಗಡಿಯವನು ಕತ್ತರಿಯಲ್ಲಿ ಸ್ಟ್ರಿಪ್ಪು ಕತ್ತರಿಸಿ ಎರಡನ್ನು ಕೊಡುತ್ತಾನೆ. ಕೆಂಪು ಗೆರೆ ಕತ್ತರಿಯ ಬಾಯಲ್ಲಿ ಎರಡಾಗುತ್ತದೆ. ಇವನನ್ನು ಅಜ್ಞಾನಿ ಎಂದು ಬೈಯುವುದು ಸುಲಭ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಸಮೀಕ್ಷೆ ಮಾಡಿದ್ದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪಟ್ಟಣದವರ ನಂಬಿಕೆ. ಸಮೀಕ್ಷೆ ತೋರಿಸಿದ್ದು ಬೇರೆ: ಕ್ಷಯವಿದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ತೊಂದರೆಯ ಅರಿವಿತ್ತು, ಅರ್ಧದಷ್ಟು ಮಂದಿ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಅರವತ್ತು ವರ್ಷ ಕಳೆದರೂ ಜನರನ್ನು ಬೈಯುವ ಮೊದಲು ಆ ಬಾಟಲಿಯನ್ನು ನೆನೆಯುವುದು ಒಳ್ಳೆಯದು.

ಎಕ್ಸ್ ಮಹಾಶಯ ಬೇರೆ ವೇಷಗಳಲ್ಲೂ ಇದ್ದಾನೆ. ಬಿಳಿ ಕೋಟು ಹಾಕಿದ ಎಕ್ಸ್‌ಗೆ ವೈರಸ್ ಜ್ವರ ಎಂದು ಗೊತ್ತಿರುತ್ತದೆ. ಬರೀ ವಿಶ್ರಾಂತಿ ಹೇಳಿ ಕಳಿಸಿದರೆ ರೋಗಿ ಬೇರೆ ಡಾಕ್ಟರ ಬಳಿ ಹೋಗುತ್ತಾನೆಂಬ ಅಂಜಿಕೆಗೆ ಆತ ಆ್ಯಂಟಿಬಯಾಟಿಕ್ ಬರೆಯುತ್ತಾನೆ. ಫಾರಂ ಮಾಲೀಕ ಎಕ್ಸ್ ಕೋಳಿ ಬೇಗ ತೂಕ ಬರಲೆಂದು ಅದನ್ನೇ ಮೇವಿನಲ್ಲಿ ಬೆರೆಸುತ್ತಾನೆ. ಈ ಪದ್ಧತಿಯ ಮೂಲವೂ ಸ್ವಾರಸ್ಯಕರ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದ ಲೆಡರ್ಲೆ ಸಂಸ್ಥೆ 1948ರಲ್ಲಿ ಆರಿಯೊಮೈಸಿನ್ ಎಂಬ ಮಹಾ ಮದ್ದನ್ನು ಕೊಟ್ಟಿತು. ಅದನ್ನು ತಯಾರಿಸಿ ಉಳಿದ ಚರಟ ತಿಂದ ಕೋಳಿಮರಿ ಬೇಗ ಬೆಳೆಯುತ್ತದೆ ಎಂಬುದನ್ನು ಕಂಡದ್ದೂ ಅದೇ ಸಂಸ್ಥೆಯಲ್ಲಿ. ಕೊಲಿಸ್ಟಿನ್ ಎಂಬ ಮದ್ದಿನ ಕಥೆ ಇನ್ನೂ ಕಹಿ. ಕಿಡ್ನಿಗೆ ಕೇಡೆಂದು ವೈದ್ಯರು ಮೂಲೆಗಿಟ್ಟಿದ್ದ ಹಳೆಯ ಮದ್ದು ಅದು. ಹೊಸ ಮದ್ದುಗಳೆಲ್ಲ ಸೋತಾಗ ಐಸಿಯುಗಳಲ್ಲಿ ಕಡೆಯ ಆಸರೆಯಾಗಿ ಮರಳಿತು. ಅಷ್ಟರಲ್ಲಿ ಕೋಳಿಗೂ ಹಂದಿಗೂ ಅದನ್ನೇ ತಿನ್ನಿಸಿಯಾಗಿತ್ತು. ಅದನ್ನು ಸೋಲಿಸುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಜೀನು ಚೀನಾದಲ್ಲಿ ಕಂಡದ್ದು 2015ರಲ್ಲಿ. ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ನಿಷೇಧಿಸಿದ್ದು 2019ರಲ್ಲಿ.

ಕಾರ್ಖಾನೆಯ ಎಕ್ಸ್‌ಗಳೂ ಇದ್ದಾರೆ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿ ಮಾಡಿ ಹೊರಬಿಡುವ ಘಟಕದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಸಿನ್ ಇತ್ತು. ಮಾತ್ರೆ ನುಂಗಿದ ಮನುಷ್ಯನ ರಕ್ತದಲ್ಲಿ ಇರುವುದಕ್ಕಿಂತ ಅದು ಹೆಚ್ಚು. ಇಡೀ ಹಳ್ಳವೇ ಕಾಯಿಲೆಯಿಲ್ಲದೆ ಔಷಧ ಕುಡಿಯುತ್ತಿತ್ತು.

ಇಷ್ಟೊಂದು ಎಕ್ಸ್‌ಗಳಿರುವಾಗ ಒಬ್ಬನನ್ನು ಹಿಡಿದು ಶಿಕ್ಷಿಸಿ ಮುಗಿಸುವ ವ್ಯವಹಾರವಲ್ಲ ಇದು. ಯೋಚಿಸಿದಂತೆಲ್ಲ ನನಗೆ ನೆನಪಾಗುವುದು ನಮ್ಮೂರಿನ ಕೆರೆ. ಕೆರೆಯ ನೀರು ಯಾರದೂ ಅಲ್ಲ, ಎಲ್ಲರದೂ ಹೌದು. ಪ್ರತಿಯೊಬ್ಬನೂ ತನಗೆ ಬೇಕಾದಾಗ ತೂಬು ತೆಗೆದರೆ ಏರಿಯ ಹತ್ತಿರದ ಗದ್ದೆ ಕೊಳೆಯುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಅದಕ್ಕೆಂದೇ ಹಳೇ ಮೈಸೂರಿನ ಕೆರೆಯೂರುಗಳಲ್ಲಿ ನೀರುಗಂಟಿ ಎಂಬ ಒಬ್ಬನಿರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವತ್ತು ತೂಬು ತೆಗೆಯುವುದು, ಬರ ಬಂದರೆ ಯಾರ ಪಾಲು ಎಷ್ಟು ಇಳಿಸುವುದು, ಎಲ್ಲ ಅವನ ಕೈಯಲ್ಲಿ. ಎಷ್ಟೋ ಕಡೆ ಅವನಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯೇ ಇರುತ್ತಿರಲಿಲ್ಲ, ಪಕ್ಷಪಾತಕ್ಕೆ ಎಡೆಯಿರಬಾರದಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಕಾಳು ಸಲ್ಲುತ್ತಿತ್ತು. ಊರಿನ ದೊಡ್ಡ ಗೌಡನೂ ನೀರಿನ ವಿಷಯದಲ್ಲಿ ಅವನ ಮಾತು ಮೀರುವಂತಿರಲಿಲ್ಲ.

ಆ್ಯಂಟಿಬಯಾಟಿಕ್ ನಮ್ಮ ಕಾಲದ ಕೆರೆ. ತುಂಬಿದ್ದು ನಮ್ಮ ಶ್ರಮದಿಂದಲ್ಲ, ಲಕ್ಷಾಂತರ ವರ್ಷಗಳ ಮಣ್ಣಿನ ಪುಣ್ಯದಿಂದ. ಹೊಸ ಮಳೆಯೂ ಈಗ ಅಪರೂಪ. ಹೊಸ ಮದ್ದನ್ನು ಅಳೆದು ತೂಗಿ ಬಳಸಬೇಕು, ಅಳೆದು ಬಳಸಿದರೆ ಕಂಪನಿಗೆ ಗಿಟ್ಟುವುದಿಲ್ಲ. ಅಮೆರಿಕದ ಒಂದು ಕಂಪನಿ 2018ರಲ್ಲಿ ಹೊಸ ಆ್ಯಂಟಿಬಯಾಟಿಕ್‌ಗೆ ಒಪ್ಪಿಗೆ ಪಡೆದು ಮರುವರ್ಷವೇ ದಿವಾಳಿಯೆದ್ದಿತು. ಇರುವ ನೀರನ್ನೇ ಕಾಯಬೇಕು. ನಮ್ಮ ನೀರುಗಂಟಿ ಎಲ್ಲಿ?

ಕಾಗದದ ಮೇಲೆ ಇದ್ದಾನೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1 ಪ್ರಕಾರ ಕೆಲವು ಮುಖ್ಯ ಆ್ಯಂಟಿಬಯಾಟಿಕ್‌ಗಳನ್ನು ಮಾರುವಾಗ ಬರೆದ ವೈದ್ಯರ ಹೆಸರು, ಕೊಂಡ ರೋಗಿಯ ಹೆಸರು, ಮಾರಿದ ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನೆರೆಯ ಕೇರಳ 2018ರಲ್ಲಿ ದೇಶದಲ್ಲೇ ಮೊದಲಿಗೆ ತನ್ನದೇ ರಾಜ್ಯಮಟ್ಟದ ಕಾರ್ಯಯೋಜನೆ ಮಾಡಿಕೊಂಡು, ಚೀಟಿಯಿಲ್ಲದ ಮಾರಾಟದ ಮೇಲೆ ಕಣ್ಣಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು: ಸುಲಭವಾಗಿ ಸಿಗಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕಡೆಯ ಗಳಿಗೆಗೆಂದು ಕಾದಿಡಬೇಕಾದವು. ನೀರುಗಂಟಿಯ ಲೆಕ್ಕವೂ ಇದೇ ತಾನೆ, ದಿನದ ನೀರು, ಬೇಸಗೆಯ ನೀರು, ಬರದ ನೀರು.

ಕೆರೆಯ ಮಾತು ಬಂದಾಗ ಅಚ್ಚುಕಟ್ಟಿನ ಕೊನೆಯ ಗದ್ದೆಯನ್ನು ಮರೆಯಬಾರದು. ಬಳಕೆ ತಗ್ಗಿಸಿ ಎಂಬ ಒಂದೇ ಮಾತು ಹೇಳಿ ಸುಮ್ಮನಾದರೆ ಅದು ಏರಿಯ ಪಕ್ಕದವನ ನ್ಯಾಯವಾಗುತ್ತದೆ. ಭಾರತವೂ ಸೇರಿದಂತೆ ಎಂಟು ದೇಶಗಳ ಲೆಕ್ಕ ತೆಗೆದ ಒಂದು ಅಧ್ಯಯನ 2025ರಲ್ಲಿ ಬಂತು. ಅತಿ ಕಠಿಣವಾದ, ಬಹುತೇಕ ಮದ್ದುಗಳಿಗೆ ಬಗ್ಗದ ಸೋಂಕು ತಗುಲಿದವರಲ್ಲಿ ಸರಿಯಾದ ಮದ್ದು ಸಿಕ್ಕಿದ್ದು ನೂರಕ್ಕೆ ಸುಮಾರು ಏಳು ಮಂದಿಗೆ ಮಾತ್ರ. ಒಂದೇ ಊರಿನಲ್ಲಿ ನೆಗಡಿಗೆ ಮದ್ದು ಹರಿದು ಹೋಗುತ್ತಿರುತ್ತದೆ, ನ್ಯುಮೋನಿಯಾದ ಕೂಸಿಗೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಪೋಲು ಮತ್ತು ಬರ ಎರಡೂ ಒಂದೇ ಕಾಲುವೆಯ ಎರಡು ತುದಿಗಳು.

ಹೂಳೆತ್ತುವ ಕೆಲಸವೂ ಇದೆ. ಕುಡಿಯಲು ಶುದ್ಧ ನೀರು, ಚರಂಡಿ, ಲಸಿಕೆ, ವಾರ್ಡಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವ ಮುನ್ನ ಸೋಪಿನಲ್ಲಿ ತೊಳೆದ ಕೈ. ಇವುಗಳಲ್ಲಿ ಬೆಡಗಿಲ್ಲ. ಆದರೆ ಸೋಂಕೇ ಆಗದಿದ್ದರೆ ಮದ್ದೇ ಬೇಡ, ಮದ್ದು ಕಡಿಮೆ ಬಳಸಿದಷ್ಟೂ ಕೆರೆ ಉಳಿಯುತ್ತದೆ. ಇನ್ನು ಕೋರ್ಸಿನ ವಿಚಾರ. ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದು ರೋಗದಿಂದ ರೋಗಕ್ಕೆ ಬೇರೆ. ಕ್ಷಯಕ್ಕೆ ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿಸುವಂತಿಲ್ಲ, ಎಷ್ಟೋ ಸಾಮಾನ್ಯ ಸೋಂಕುಗಳಿಗೆ ಹಿಂದೆ ತಿಳಿದದ್ದಕ್ಕಿಂತ ಕಡಿಮೆ ದಿನ ಸಾಕೆಂದು ಈಗ ಗೊತ್ತಾಗಿದೆ. ಅಳತೆ ವೈದ್ಯರದ್ದಾಗಿರಲಿ. ಡಬ್ಬದಲ್ಲಿ ಉಳಿದ ಮಾತ್ರೆಯದ್ದಾಗದಿರಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಳಗೊಂದು ಪ್ರಶ್ನೆ ಉಳಿಯುತ್ತದೆ. ಗುರುತಿಲ್ಲದ ಯಾರಿಗೋ, ಹುಟ್ಟದ ಯಾವುದೋ ಕೂಸಿಗೆ ಒಳ್ಳೆಯದಾಗಲೆಂದು ಮನುಷ್ಯ ತನ್ನ ಜ್ವರದಲ್ಲಿ ಎರಡು ದಿನ ತಾಳಬಲ್ಲನೇ? ಧರ್ಮ ಎಂಬ ಮಾತನ್ನು ನಾವು ಹಬ್ಬಹರಿದಿನಕ್ಕೆ, ಜಾತ್ರೆಗೆ ಮೀಸಲಿಟ್ಟಿದ್ದೇವೆ. ಕಣ್ಣಿಗೆ ಕಾಣದವನ ಪಾಲನ್ನು ನನ್ನ ಅವಸರದಲ್ಲಿ ಕುಡಿದುಬಿಡದೆ ಇರುವುದಕ್ಕಿಂತ ದೊಡ್ಡ ಧರ್ಮ ನನಗಂತೂ ಹೊಳೆಯುತ್ತಿಲ್ಲ. ಅದಕ್ಕೆ ಗುಡಿ ಬೇಕಿಲ್ಲ. ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ನಿಂತು, "ಬೇಡ, ಡಾಕ್ಟ್ರಿಗೆ ತೋರಿಸಿಯೇ ಬರ್ತೀನಿ" ಎಂದರೆ ಸಾಕು.

ಹಾಗೆ ಹೇಳುವುದು ನನಗೆ ಸುಲಭ. ನನಗೆ ತಿಂಗಳ ಸಂಬಳವಿದೆ, ರಜೆಯಿದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಹಾಲಿನಾಕೆ ಕ್ಯಾನಿಲ್ಲದೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. "ಹಸೀಗೆ ಮತ್ತೆ ಮದ್ದು ಹಾಕ್ಸಿದೀನಿ ಅಕ್ಕಾ, ಮೂರು ದಿನ ಹಾಲಿಲ್ಲ. ಬೇರೆ ಕಡೆ ನೋಡ್ಕೊಳಿ," ಎಂದಳು. ಡೇರಿಗೂ ಹಾಕಿರಲಿಲ್ಲವಂತೆ. ಅಮ್ಮ ಒಳಗೆ ಕರೆದು ಕಾಫಿ ಕೊಟ್ಟಳು. ಪಕ್ಕದ ಮನೆಯಿಂದ ತಂದ ಹಾಲಿನ ಕಾಫಿ. ಆಕೆ ಕುಡಿದು, ಲೋಟ ತೊಳೆದಿಟ್ಟು ಹೋದಳು.

ನಾಲ್ಕನೇ ದಿನದ ಹಾಲು ಚೆನ್ನಾಗಿ ಹೆಪ್ಪಾಯಿತು. ಚೆಲ್ಲಿದ ಮೂರು ದಿನದ ಹಾಲಿನ ದುಡ್ಡನ್ನು ಮಾತ್ರ ಆಕೆಗೆ ಯಾರೂ ಕೊಡಲಿಲ್ಲ, ನಾವೂ ಕೊಡಲಿಲ್ಲ.